ಉತ್ತರ ಗೊತ್ತಿತ್ತು, ಪ್ರಶ್ನೆ ಗೊತ್ತಿರಲಿಲ್ಲ

ಇವತ್ತು ಎಸ್‌ಎಸ್‌ಎಲ್‌ಸಿ ಫಲಿತಾಂಶದ ದಿನ. ಬೆಳಗ್ಗೆಯಿಂದ ನಮ್ಮ ಚಾನೆಲ್‌ನಲ್ಲಿ ನೀವು ನೋಡಿದ್ದೇನು? 625ಕ್ಕೆ 625 ತೆಗೆದ ಮಕ್ಕಳು. ಅವರ ಬಾಯಿಗೆ ಸಿಹಿ ತಿನ್ನಿಸ್ತಿರೋ ಅಪ್ಪ, ಅಮ್ಮ. ಯಾವ ಜಿಲ್ಲೆ ಫಸ್ಟು, ಯಾವ ಜಿಲ್ಲೆ ಲಾಸ್ಟು. ಆ ಸುದ್ದಿ ಓದಿದವನು ನಾನೇ. ನಾವು ತೋರಿಸಿದ್ದು ಹತ್ತಿಪ್ಪತ್ತು ಮಕ್ಕಳ ಮುಖ. ಆದರೆ ಪಾಸಾದ ಲಕ್ಷಾಂತರ ಮಕ್ಕಳು ಇನ್ನು ಸ್ವಲ್ಪ ದಿನದಲ್ಲಿ ಕಾಲೇಜಿನ ಗೇಟಿನೊಳಗೆ ಕಾಲಿಡ್ತಾರೆ. ಅಲ್ಲಿ ಅವರಿಗೆ ಏನಾಗುತ್ತೆ? ಅದನ್ನ ನಾವು ತೋರಿಸಲ್ಲ.

ಅದಕ್ಕೇ ಇವತ್ತು ಒಬ್ಬ ಹುಡುಗನ ವಿಷಯ ಹೇಳ್ತೀನಿ. ಶಿರಾ ತಾಲ್ಲೂಕಿನ ಒಂದು ಹಳ್ಳಿ. 1994ನೇ ಇಸವಿ. ಎಸ್‌ಎಸ್‌ಎಲ್‌ಸಿಯಲ್ಲಿ ಶೇಕಡಾ 84 ಅಂಕ, ಇಡೀ ಶಾಲೆಗೆ ಮೊದಲು. ಕನ್ನಡ ಮಾಧ್ಯಮ. ಊರವರೆಲ್ಲಾ ಒಂದೇ ಮಾತು: "ಇವನು ಸೈನ್ಸ್ ತಗೊಳ್ಳಲಿ, ಡಾಕ್ಟ್ರೋ ಇಂಜಿನಿಯರೋ ಆಗ್ತಾನೆ." ಹುಡುಗ ಒಂದು ಟ್ರಂಕು, ಎರಡು ಜೊತೆ ಬಟ್ಟೆ ಹಿಡ್ಕೊಂಡು ತುಮಕೂರಿಗೆ ಬಸ್ ಹತ್ತಿದ. ಆ ಹುಡುಗ ನಾನು.

ಕಾಲೇಜು ಶುರುವಾಗಿ ನಾಲ್ಕನೇ ದಿನ. ಭೌತಶಾಸ್ತ್ರದ ಕ್ಲಾಸು. ಉಪನ್ಯಾಸಕರು ನನ್ನ ಕಡೆ ಬೆರಳು ತೋರಿಸಿ ಕೇಳಿದರು: "ವಾಟ್ ಈಸ್ ಇನರ್ಷಿಯಾ?" ನಾನು ಎದ್ದು ನಿಂತೆ. ಬಾಯಿಂದ ಒಂದು ಅಕ್ಷರ ಹೊರಡಲಿಲ್ಲ. ಎಂಬತ್ತು ಜನರ ಕ್ಲಾಸು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಇನ್ನೊಬ್ಬ ಹುಡುಗ ಎದ್ದು ಎರಡು ವಾಕ್ಯದಲ್ಲಿ ಉತ್ತರ ಹೇಳಿದ. ಉಪನ್ಯಾಸಕರು ಪಾಠ ಮುಂದುವರಿಸಿದರು. ನಾನು ಕೂತೆ.

ಇನರ್ಷಿಯಾ ಅಂದ್ರೆ ಏನು ವೀಕ್ಷಕರೇ? ಜಡತ್ವ. ಓಡೋ ಬಸ್ಸಿಗೆ ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದಾಗ ನಾವು ಮುಂದಕ್ಕೆ ಮುಗ್ಗರಿಸ್ತೀವಲ್ಲ, ಅದು. ನನಗೆ ಅದು ಗೊತ್ತಿರಲಿಲ್ವಾ? ಚೆನ್ನಾಗಿಯೇ ಗೊತ್ತಿತ್ತು. ಹೈಸ್ಕೂಲಿನಲ್ಲಿ ನಾನೇ ಎದ್ದು ನಿಂತು ಇಡೀ ಕ್ಲಾಸಿಗೆ ವಿವರಿಸಿದ್ದೆ. ನನಗೆ ಉತ್ತರ ಗೊತ್ತಿತ್ತು. ಪ್ರಶ್ನೆ ಗೊತ್ತಿರಲಿಲ್ಲ. ಆದರೆ ಹದಿನಾರು ವರ್ಷದ ಹುಡುಗನಿಗೆ ಈ ವ್ಯತ್ಯಾಸ ಹೇಳಿಕೊಡುವವರು ಯಾರೂ ಇರಲಿಲ್ಲ. ಅವನು ಬೇರೆಯದ್ದೇ ತೀರ್ಮಾನಕ್ಕೆ ಬಂದ. ನಾನು ದಡ್ಡ. ಹಳ್ಳಿ ಸ್ಕೂಲಿನ ಅಂಕ ಎಲ್ಲಾ ಸುಳ್ಳು.

ಆ ತೀರ್ಮಾನದಿಂದ ಏನಾಯ್ತು ಗೊತ್ತಾ? ಎರಡು ವರ್ಷ ನಾನು ಕ್ಲಾಸಿನಲ್ಲಿ ಬಾಯಿ ಬಿಡಲಿಲ್ಲ. ಬೋರ್ಡಿನ ಮೇಲಿದ್ದುದನ್ನ ಚಿತ್ರ ಬರೆದ ಹಾಗೆ ನಕಲು ಮಾಡಿಕೊಂಡೆ. ಅರ್ಥ ಆಗದ್ದನ್ನ ಬಾಯಿಪಾಠ ಮಾಡಿದೆ. ದ್ವಿತೀಯ ಪಿಯುಸಿಯಲ್ಲಿ ಭೌತಶಾಸ್ತ್ರದಲ್ಲಿ 28 ಅಂಕ. ಫೇಲು. ಶಾಲೆಗೇ ಫಸ್ಟ್ ಬಂದಿದ್ದ ಹುಡುಗ ಫೇಲು.

ನನ್ನ ಜೊತೆ ನಮ್ಮೂರಿನ ಇನ್ನೊಬ್ಬ ಹುಡುಗನೂ ಸೇರಿದ್ದ. ನನಗಿಂತ ಚೆನ್ನಾಗಿ ಲೆಕ್ಕ ಮಾಡ್ತಿದ್ದ. ದಸರಾ ರಜೆಗೆ ಊರಿಗೆ ಹೋದವನು ವಾಪಸ್ ಬರಲೇ ಇಲ್ಲ. ಈಗ ಬೋರ್‌ವೆಲ್ ಲಾರಿ ನೋಡ್ಕೋತಾನೆ, ಸಂಸಾರ ಚೆನ್ನಾಗಿದೆ. ಬೋರ್‌ವೆಲ್ ಕೆಲಸದಲ್ಲಿ ಯಾವ ಅವಮಾನವೂ ಇಲ್ಲ. ಆದರೆ ಈಗಲೂ ಸಿಕ್ಕಾಗ ಅವನು ಹೇಳೋದು ಒಂದೇ: "ನಮ್ಮ ತಲೆಗೆ ಓದು ಹತ್ತಲಿಲ್ಲ ಬಿಡು." ನನಗೆ ನೋವಾಗೋದು ಈ ಮಾತಿಗೆ. ಓದು ಅವನ ತಲೆಗೆ ಹತ್ತಿತ್ತು. ಭಾಷೆ ಬದಲಾಯ್ತು, ಅಷ್ಟೇ.

ಹಾಗಾದ್ರೆ ಹೈಸ್ಕೂಲಿನಿಂದ ಕಾಲೇಜಿಗೆ ಹೋಗುವಾಗ ಏನೇನು ಬದಲಾಗುತ್ತೆ? ಮೂರು ವಿಷಯ.

ಒಂದು, ಪದಗಳು. ವೇಗೋತ್ಕರ್ಷ ಹೋಗಿ ಅಕ್ಸೆಲರೇಷನ್ ಬರುತ್ತೆ. ವಕ್ರೀಭವನ ರಿಫ್ರ್ಯಾಕ್ಷನ್ ಆಗುತ್ತೆ. ದ್ಯುತಿಸಂಶ್ಲೇಷಣೆ ಫೋಟೋಸಿಂಥೆಸಿಸ್ ಆಗುತ್ತೆ. ಲ.ಸಾ.ಅ. ಎಲ್‌ಸಿಎಂ ಆಗುತ್ತೆ. ವಿಜ್ಞಾನ ಅದೇ. ಹೆಸರು ಬೇರೆ.

ಎರಡು, ಪಾಠದ ಭಾರ. ಹೈಸ್ಕೂಲಿನಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮೂರೂ ಸೇರಿ ವಿಜ್ಞಾನ ಅನ್ನೋ ಒಂದೇ ವಿಷಯ. ಪಿಯುಸಿಯಲ್ಲಿ ಒಂದೊಂದೂ ಬೇರೆ ಬೇರೆ ವಿಷಯ. ಮೊದಲ ಟೆಸ್ಟಿನಲ್ಲಿ ಅಂಕ ಬಿದ್ದರೆ ಬುದ್ಧಿ ಕಮ್ಮಿಯಾಯ್ತು ಅಂತಲ್ಲ, ಹೊರೆ ಜಾಸ್ತಿಯಾಯ್ತು ಅಂತ.

ಮೂರು, ಮೇಷ್ಟ್ರು. ಹೈಸ್ಕೂಲಿನ ಮೇಷ್ಟ್ರಿಗೆ ನಿಮ್ಮಪ್ಪನ ಹೆಸರು ಗೊತ್ತು. ಎರಡು ದಿನ ಬರದಿದ್ರೆ ಮನೆಗೇ ಹೇಳಿ ಕಳಿಸ್ತಾರೆ. ಕಾಲೇಜಿನಲ್ಲಿ ನೀವು ಒಂದು ರೋಲ್ ನಂಬರ್. ಉಪನ್ಯಾಸಕರು ಕೆಟ್ಟವರಲ್ಲ. ಆದರೆ ಎಂಬತ್ತು, ನೂರು ಮಕ್ಕಳಲ್ಲಿ ಯಾರು ಮುಳುಗ್ತಿದ್ದಾರೆ ಅಂತ ಅವರಿಗೆ ಕಾಣಲ್ಲ. ಮುಳುಗ್ತಿರೋನೇ ಕೈ ಎತ್ತಬೇಕು.

ಈಗ ಆ 1994ರ ಹುಡುಗ ನನ್ನ ಎದುರಿಗೆ ಬಂದು ಕೂತರೆ ಏನು ಹೇಳ್ತೀನಿ?

ನೋಡು ಮರಿ, ಫಲಿತಾಂಶದ ದಿನದಿಂದ ಕಾಲೇಜು ಶುರುವಾಗೋವರೆಗೆ ನಿನಗೆ ಸ್ವಲ್ಪ ಸಮಯ ಇದೆ. ಒಂದು ನೋಟ್‌ಬುಕ್ ತಗೋ. ಮಧ್ಯೆ ಗೆರೆ ಎಳಿ. ಎಡಗಡೆ ಕನ್ನಡದ ಪದ, ಬಲಗಡೆ ಇಂಗ್ಲಿಷಿನ ಪದ. ದಿನಕ್ಕೆ ಹತ್ತು ಬರಿ. ಮೂವತ್ತು ದಿನಕ್ಕೆ ಮುನ್ನೂರು ಪದ ಆಗುತ್ತೆ. ಹತ್ತನೇ ತರಗತಿಯ ವಿಜ್ಞಾನ ಪುಸ್ತಕ ಕನ್ನಡದಲ್ಲೂ ಇದೆ, ಇಂಗ್ಲಿಷಿನಲ್ಲೂ ಇದೆ. ಎರಡನ್ನೂ ಪಕ್ಕಪಕ್ಕ ಇಟ್ಟುಕೋ. ಪಾಠ ನಿನಗೆ ಗೊತ್ತಿರೋದ್ರಿಂದ ಪದ ತಾನಾಗೇ ಕೂರುತ್ತೆ.

ಎರಡನೇದು, ಊರವರು ಹೇಳಿದ್ರು ಅಂತ ಸೈನ್ಸ್ ತಗೋಬೇಡ. ನಿನಗೆ ಇಷ್ಟ ಇದ್ದರೆ ತಗೋ. ಬೇರೆ ದಾರಿಯೂ ಇದೆ. ಕೈ ಕೆಲಸದಲ್ಲಿ ಆಸಕ್ತಿ ಇದ್ರೆ ಎಸ್‌ಎಸ್‌ಎಲ್‌ಸಿ ಆದ ಮೇಲೆ ಪಾಲಿಟೆಕ್ನಿಕ್ ಇದೆ, ಮೂರು ವರ್ಷದ ಡಿಪ್ಲೊಮಾ. ಅದು ಮುಗಿಸಿ ಡಿಸಿಇಟಿ ಬರೆದರೆ ಇಂಜಿನಿಯರಿಂಗ್‌ನ ಎರಡನೇ ವರ್ಷಕ್ಕೇ ನೇರವಾಗಿ ಸೇರಬಹುದು. ಐಟಿಐ ಇದೆ. ಐದು ವರ್ಷದ ಕಾನೂನು ಪದವಿಗೆ ಆರ್ಟ್ಸ್ ಓದಿದವರೂ ಹೋಗಬಹುದು, ಕಾಮರ್ಸ್ ಓದಿದವರೂ ಹೋಗಬಹುದು. ಕೆಎಎಸ್, ಐಎಎಸ್ ಪರೀಕ್ಷೆಗೆ ಯಾವ ಪದವಿಯಾದ್ರೂ ಸಾಕು. ಐಎಎಸ್‌ನ ಮುಖ್ಯ ಪರೀಕ್ಷೆಯನ್ನ ಕನ್ನಡದಲ್ಲೇ ಬರೆಯಬಹುದು.

ಮೂರನೇದು, ಕನ್ನಡ ಮಾಧ್ಯಮ ಅಂತ ನಾಚಿಕೆ ಪಡಬೇಡ. ಆ ಸರ್ಟಿಫಿಕೇಟಿಗೆ ಬೆಲೆ ಇದೆ. 1ರಿಂದ 10ರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಸಿಇಟಿ ಸೀಟು ಹಂಚಿಕೆಯಲ್ಲಿ ಶೇಕಡಾ 5 ಮೀಸಲು ಇದೆ. ಹಳ್ಳಿಯಲ್ಲಿ ಓದಿದವರಿಗೆ ಶೇಕಡಾ 15 ಇದೆ. ಎಷ್ಟೋ ಮಕ್ಕಳಿಗೆ ಇದು ಕೊನೇ ದಿನದವರೆಗೂ ಗೊತ್ತಿರಲ್ಲ. ಇನ್ನೊಂದು ಮಾತು. ಇಂಜಿನಿಯರಿಂಗ್ ರ‍್ಯಾಂಕಿಗೆ ಸಿಇಟಿ ಅಂಕ ಅರ್ಧ, ಪಿಯುಸಿ ಅಂಕ ಇನ್ನರ್ಧ. ಹಾಗಾಗಿ ಕೋಚಿಂಗ್ ನಂಬ್ಕೊಂಡು ಕಾಲೇಜಿನ ಪಾಠ ಬಿಡಬೇಡ. ಡಾಕ್ಟರ್ ಆಗೋಕೆ ಬರೆಯೋ ನೀಟ್ ಪರೀಕ್ಷೆ 2017ರಿಂದ ಕನ್ನಡದಲ್ಲೂ ಇದೆ.

ನಾಲ್ಕನೇದು, ಎಲ್ಲಕ್ಕಿಂತ ಮುಖ್ಯವಾದದ್ದು. ನಾಲ್ಕನೇ ದಿನ ಅವರು "ವಾಟ್ ಈಸ್ ಇನರ್ಷಿಯಾ" ಅಂತ ಕೇಳ್ತಾರಲ್ಲ, ಆಗ ಸುಮ್ಮನೆ ಕೂರಬೇಡ. "ಸಾರ್, ಇನರ್ಷಿಯಾ ಅಂದ್ರೆ ಕನ್ನಡದಲ್ಲಿ ಏನು?" ಅಂತ ಕೇಳು. ನಗುವವರು ನಗಲಿ. ಆ ನಗು ಹತ್ತು ಸೆಕೆಂಡು ಇರುತ್ತೆ. ನೀನು ಕೇಳದೇ ಕೂತರೆ ಅದಕ್ಕೆ ಎರಡು ವರ್ಷ ಬೆಲೆ ಕಟ್ಟಬೇಕಾಗುತ್ತೆ. ಕ್ಲಾಸಿನಲ್ಲಿ ಕೇಳೋಕೆ ಧೈರ್ಯ ಬರಲಿಲ್ವಾ? ಕ್ಲಾಸ್ ಮುಗಿದ ಮೇಲೆ ಅವರ ಹಿಂದೆ ಹೋಗಿ ಕೇಳು.

ಇದನ್ನ ನಾನು ಸುಮ್ಮನೆ ಹೇಳ್ತಿಲ್ಲ. ಫೇಲಾದ ಮೇಲೆ ಬೇರೆ ದಾರಿಯಿಲ್ಲದೆ ಅದೇ ಉಪನ್ಯಾಸಕರ ಹತ್ತಿರ ಹೋದೆ. ಕೈ ನಡುಗ್ತಿತ್ತು. "ಸಾರ್, ನನಗೆ ಮೊದಲನೇ ಪಾಠದಿಂದಲೂ ಅರ್ಥ ಆಗಿಲ್ಲ" ಅಂದೆ. ಬೈತಾರೆ ಅಂದುಕೊಂಡಿದ್ದೆ. ಅವರು ಕುರ್ಚಿ ಎಳೆದು ಕೂರಿಸಿದರು. "ಮೊದಲೇ ಯಾಕಪ್ಪಾ ಹೇಳಲಿಲ್ಲ?" ಅಂದರು. ಒಂದೂವರೆ ತಿಂಗಳು ಸಂಜೆ ಕನ್ನಡದಲ್ಲೇ ವಿವರಿಸಿದರು. ಅಕ್ಟೋಬರ್ ಪರೀಕ್ಷೆಯಲ್ಲಿ ಪಾಸಾದೆ. ನಾನು ಡಾಕ್ಟರೂ ಆಗಲಿಲ್ಲ, ಇಂಜಿನಿಯರೂ ಆಗಲಿಲ್ಲ. ಬಿಎ ಸೇರಿದೆ, ಪತ್ರಿಕೋದ್ಯಮಕ್ಕೆ ಬಂದೆ. ಆದರೆ ನನ್ನ ಸ್ನೇಹಿತನಿಗೆ ಆ ಕುರ್ಚಿ ಸಿಗಲಿಲ್ಲ. ಅವನು ಕೇಳೋ ಮೊದಲೇ ಬಸ್ ಹತ್ತಿಬಿಟ್ಟಿದ್ದ.

ಇನ್ನು ಅಪ್ಪ ಅಮ್ಮಂದಿರಿಗೆ ಒಂದು ಮಾತು. ಹಾಸ್ಟೆಲಿನಲ್ಲಿರೋ ಮಗ ಫೋನ್ ಮಾಡಿದಾಗ ನೀವು ಏನು ಕೇಳ್ತೀರಿ? "ಊಟ ಆಯ್ತಾ, ಎಷ್ಟು ಮಾರ್ಕ್ಸ್ ಬಂತು?" ಅದರ ಜೊತೆ ಇನ್ನೊಂದು ಪ್ರಶ್ನೆ ಸೇರಿಸಿ. "ಪಾಠ ಅರ್ಥ ಆಗ್ತಿದೆಯಾ?" ಇಲ್ಲ ಅಂದ್ರೆ ಬೈಬೇಡಿ. ಒಂದು ದಿನ ಕೆಲಸ ಬಿಟ್ಟು ಕಾಲೇಜಿಗೆ ಹೋಗಿ ಬನ್ನಿ. ಮಗು ತೀರಾ ಮಂಕಾಗಿದೆ, ಊಟ ಬಿಟ್ಟಿದೆ, ಬದುಕೇ ಬೇಡ ಅನ್ನೋ ಥರ ಮಾತಾಡ್ತಿದೆ ಅನ್ನಿಸಿದ್ರೆ ತಡ ಮಾಡಬೇಡಿ. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, ನಂಬರ್ 14416. ಹಗಲು ರಾತ್ರಿ ಇರುತ್ತೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ಇವತ್ತು ಫೇಲಾದ ಮಕ್ಕಳೂ ಕೇಳಿಸಿಕೊಳ್ಳಿ. 2024ರಿಂದ ಸಪ್ಲಿಮೆಂಟರಿ ಅನ್ನೋ ಹೆಸರೇ ಹೋಗಿದೆ. ಈಗ ಅದು ಪರೀಕ್ಷೆ-2. ಬರೀರಿ. ಹಿಂದೆ ಅದನ್ನ ಬರೆದು ಪಾಸಾದವನೇ ಈಗ ನಿಮ್ಮ ಮುಂದೆ ಕೂತು ಮಾತಾಡ್ತಿರೋದು.

ಕೊನೆಯದಾಗಿ ನಮಗೇ ಒಂದು ಮಾತು, ಅಂದ್ರೆ ಟಿವಿಯವರಿಗೆ. 625 ತೆಗೆದ ಮಗುವನ್ನ ತೋರಿಸೋಣ, ತಪ್ಪಿಲ್ಲ, ಅದು ಆ ಮಗುವಿನ ಶ್ರಮ. ಆದರೆ ಬರೋ ದಸರಾ ರಜೆ ಮುಗಿದ ಮೇಲೆ ಒಂದು ದಿನ ಪಿಯು ಕಾಲೇಜುಗಳಿಗೆ ಕ್ಯಾಮೆರಾ ಕಳಿಸೋಣ ಅಂತ ನಮ್ಮ ಸಂಪಾದಕರನ್ನ ಕೇಳಿದ್ದೀನಿ. ಯಾವ ಬೆಂಚು ಖಾಲಿಯಾಗಿದೆ, ಯಾಕೆ ಖಾಲಿಯಾಗಿದೆ ಅಂತ ನೋಡೋಕೆ. ಅವರು ಒಪ್ಪಿದ್ದಾರೆ. ನಾನೇ ಹೋಗ್ತೀನಿ, ಮೊದಲು ತುಮಕೂರಿಗೆ.

ನಿಮ್ಮ ಬೀದಿಯಲ್ಲಿ ಈ ವರ್ಷ ಕಾಲೇಜಿಗೆ ಹೋಗ್ತಿರೋ ಕನ್ನಡ ಮಾಧ್ಯಮದ ಮಗು ಇದ್ರೆ, ಒಂದು ನೋಟ್‌ಬುಕ್ ಕೊಡಿಸಿ, ಮಧ್ಯೆ ಗೆರೆ ಎಳೆಯೋದನ್ನ ಹೇಳಿಕೊಡಿ. ಮೊದಲ ಸಾಲಿನಲ್ಲಿ ಜಡತ್ವ ಅಂತ ಬರೆಸಿ.