ಹಂಪೆಯ ಮೂವರು ಬಿಲ್ಲುಗಾರರು

ಪುರಾಣದ ಚಿತ್ರವೊಂದನ್ನು ಕಂಡಾಗ ಅದು ಯಾವ ಕಥೆಯೆಂದು ಗುರುತಿಸಿದೊಡನೆ ನಮ್ಮಲ್ಲಿ ಬಹುಮಂದಿ ಮುಂದೆ ಸಾಗಿಬಿಡುತ್ತೇವೆ. ಆದರೆ ಕಥೆ ಎಲ್ಲರದು. ಯಾರನ್ನು ಎಲ್ಲಿ ನಿಲ್ಲಿಸಬೇಕು, ಯಾರ ದೃಷ್ಟಿ ಎತ್ತ ಹರಿಯಬೇಕು ಎಂಬ ನಿರ್ಣಯ ಮಾತ್ರ ಚಿತ್ರಗಾರನದು. ಚಿತ್ರದ ಅರ್ಥವನ್ನು ಅಲ್ಲಿಯೇ ಅರಸಬೇಕು.

ಹಂಪೆಯ ವಿರೂಪಾಕ್ಷ ದೇವಾಲಯದ ರಂಗಮಂಟಪವನ್ನು ಕೃಷ್ಣದೇವರಾಯನು ತನ್ನ ಪಟ್ಟಾಭಿಷೇಕದ ಸಂದರ್ಭದಲ್ಲಿ ಕಟ್ಟಿಸಿದನೆಂದು 1510ರ ಶಾಸನ ತಿಳಿಸುತ್ತದೆ. ಅದರ ಮೇಲ್ಛಾವಣಿಯ ವರ್ಣಚಿತ್ರಗಳ ಕಾಲದ ವಿಷಯದಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಬಹಳ ಈಚಿನವೆನ್ನುವವರೂ ಉಂಟು. ಆ ಚಿತ್ರಗಳಲ್ಲಿ ಮೂವರು ಬಿಲ್ಲುಗಾರರನ್ನು ಕಾಣುತ್ತೇವೆ: ತ್ರಿಪುರಗಳನ್ನು ಸುಡಹೊರಟ ಶಿವ, ಅದೇ ಶಿವನಿಗೆ ಗುರಿಯಿಟ್ಟ ಮನ್ಮಥ, ಮತ್ಸ್ಯಯಂತ್ರವನ್ನು ಭೇದಿಸುವ ಅರ್ಜುನ.

ತ್ರಿಪುರದಹನದಲ್ಲಿ ರಥವೇ ಸಂಕೇತ. ಪುರಾಣದಂತೆ ಭೂಮಿಯೇ ರಥ, ಸೂರ್ಯಚಂದ್ರರು ಗಾಲಿಗಳು, ಬ್ರಹ್ಮ ಸಾರಥಿ, ಮೇರುವೇ ಬಿಲ್ಲು, ವಿಷ್ಣುವೇ ಬಾಣ. ನಂಜನಗೂಡಿನ ಗೌತಮ ರಥದ ಪಕ್ಕದಲ್ಲಿ ನಿಂತು ತಲೆಯೆತ್ತಿ ನೋಡಿರುವ ನಮ್ಮ ಹುಲ್ಲಹಳ್ಳಿಯ ಹುಡುಗರಿಗೆ ಈ ಕಲ್ಪನೆಯ ಗಾತ್ರವನ್ನು ವಿವರಿಸಬೇಕಾಗಿಲ್ಲ.

ಮನ್ಮಥನ ಚಿತ್ರದೊಡನೆ ಇಟಲಿಯ ಫ್ಲಾರೆನ್ಸಿನ ಬಾಟಿಚೆಲ್ಲಿಯು 1480ರ ಸುಮಾರಿನಲ್ಲಿ ರಚಿಸಿದ ‘ವಸಂತ’ವನ್ನು ಹೋಲಿಸಿ ನೋಡೋಣ. ಕಿತ್ತಿಳೆಯ ತೋಪಿನ ನಡುವೆ ಪ್ರೇಮದೇವತೆ ವೀನಸ್. ಆಕೆಯ ತಲೆಯ ಮೇಲ್ಗಡೆ ಬಿಲ್ಲು ಹಿಡಿದು ಹಾರುತ್ತಿರುವವನು ಮಗ ಕ್ಯೂಪಿಡ್. ಅವನ ಕಣ್ಣಿಗೆ ಬಟ್ಟೆ ಕಟ್ಟಿದೆ. ಪ್ರೇಮಕ್ಕೆ ಕಣ್ಣಿಲ್ಲವೆಂದು ಅದರ ಭಾವ. ಬಾಣ ಯಾರಿಗೆ ತಗಲಿದರೂ ಹೊಡೆದವನಿಗೆ ಹಾನಿಯಿಲ್ಲ. ನಮ್ಮ ಕಥೆಯಲ್ಲಾದರೋ ಬಿಲ್ಲುಗಾರನ ಕಣ್ಣು ತೆರೆದಿದೆ, ಮುಚ್ಚಿರುವುದು ಗುರಿಯಾದವನ ಕಣ್ಣು. ಅದು ತೆರೆದ ಕ್ಷಣ ಬಿಲ್ಲುಗಾರನೇ ಬೂದಿ! ಧ್ಯಾನಸ್ಥನಾದ ಶಿವನ ನಿಶ್ಚಲತೆಯಲ್ಲಿ ಅಡಗಿರುವ ಭಯ ಇದೇ.

ಭೌತಶಾಸ್ತ್ರದ ಉಪಾಧ್ಯಾಯರಾದ ನಮಗೆ ಅರ್ಜುನನ ಮೇಲೆ ಮೋಹ ಹೆಚ್ಚು. ಅವನು ಮೇಲಿರುವ ಮೀನನ್ನು ನೀರಿನ ಬಿಂಬದಲ್ಲಿ ನೋಡಿ ಹೊಡೆದನೆಂದು ನಮ್ಮ ಕಥೆಗಾರರು ಹೇಳುತ್ತಾರೆ. ಕಪಿಲೆಯ ನಿಂತ ನೀರಿನಲ್ಲಿ ದಡದ ತೆಂಗು ಎಷ್ಟು ಎತ್ತರವೋ ಅಷ್ಟೇ ಆಳದಲ್ಲಿ ತಲೆಕೆಳಗಾಗಿ ಕಾಣುತ್ತದಲ್ಲವೆ? ಹಾಗಾದರೆ ದೃಷ್ಟಿ ಎಷ್ಟು ಕೆಳಕ್ಕೋ ಬಾಣ ಅಷ್ಟೇ ಮೇಲಕ್ಕೆ ಎನ್ನಬಹುದೆ? ಎನ್ನಲಾಗದು. ಮೀನು ನೀರಿನಿಂದ 10 ಮೀಟರ್ ಮೇಲೆ, ಅರ್ಜುನನಿಂದ 4 ಮೀಟರ್ ಮುಂದಕ್ಕೆ ಇರಲಿ. ಅವನ ಕಣ್ಣು ನೀರಿನಿಂದ 2 ಮೀಟರ್ ಮೇಲಿರಲಿ. ಬಿಂಬವು ಕಣ್ಣಿಗಿಂತ 12 ಮೀಟರ್ ಕೆಳಗೆ, ಮೀನು 8 ಮೀಟರ್ ಮಾತ್ರ ಮೇಲೆ. ದೃಷ್ಟಿ ಸುಮಾರು 72 ಡಿಗ್ರಿ ಬಾಗಿದರೆ ಮೀನಿನ ದಿಕ್ಕು ಸುಮಾರು 63 ಡಿಗ್ರಿ. ಗುರುತ್ವದಿಂದ ಬಾಣ ಕುಸಿಯುವುದರಿಂದ ಗುರಿಯನ್ನು ಅದಕ್ಕಿಂತ ತುಸು ಮೇಲಕ್ಕೆ ಹಿಡಿಯಬೇಕು. ಮೀನು ನೆತ್ತಿಯ ಮೇಲೆಯೇ ಇದ್ದರೆ ನೀರಿನಲ್ಲಿ ಅವನಿಗೆ ತನ್ನ ತಲೆಯೇ ಅಡ್ಡಬರುತ್ತಿತ್ತು! ಮುಖ ಕೆಳಕ್ಕೆ, ತೋಳು ಮೇಲಕ್ಕೆ ಎಂಬ ಈ ಭಂಗಿಯಲ್ಲಿ ಇಷ್ಟೊಂದು ಲೆಕ್ಕ ಅಡಗಿದೆ.

ಹಂಪೆಗೆ ಹೋಗುವವರು ಚಿಕ್ಕ ಕನ್ನಡಿಯೊಂದನ್ನು ಒಯ್ಯುವುದು ಒಳ್ಳೆಯದು. ಅಂಗೈಯಲ್ಲಿ ಮಟ್ಟಸವಾಗಿ ಹಿಡಿದು ನೋಡಿದರೆ ಕತ್ತು ನೋಯದೆ ಛಾವಣಿಯ ಚಿತ್ರಗಳೆಲ್ಲ ಕಾಣುತ್ತವೆ. ಎಡಬಲ ಮಾತ್ರ ಅದಲುಬದಲಾಗಿರುತ್ತದೆ. ಸವ್ಯಸಾಚಿಯೆಂದು ಹೆಸರಾದವನಿಗೆ ಅದೇನೂ ಹೊಸದಲ್ಲ.