ರಫ್ತು ವಲಯಗಳು: ಬಗೆಯನ್ನರಿತು ಹೆಜ್ಜೆಯಿಡಿ

ಊರಿಗೆ ವಿಶೇಷ ಆರ್ಥಿಕ ವಲಯ ಬರುತ್ತದೆಂಬ ಸುದ್ದಿ ಹಬ್ಬಿದೊಡನೆ ಜಮೀನಿನ ಬೆಲೆ ಏರುತ್ತದೆ, ದಲ್ಲಾಳಿಗಳ ಓಡಾಟವೂ ಹೆಚ್ಚುತ್ತದೆ. ಆದರೆ ವಲಯಗಳಲ್ಲಿ ಹಲವು ಬಗೆಗಳಿವೆ. ಕೆಲವು ನಿಮ್ಮ ಬೆಳೆಯನ್ನು ಕೇಳುತ್ತವೆ, ಕೆಲವು ನಿಮ್ಮ ಭೂಮಿಯನ್ನೇ ಕೇಳುತ್ತವೆ. ರೈತ ಬಾಂಧವರು ಈ ವ್ಯತ್ಯಾಸವನ್ನು ಮೊದಲು ತಿಳಿಯಬೇಕು.

ಹುಟ್ಟಿದ ಬಗೆ

1965ರಲ್ಲಿ ಗುಜರಾತಿನ ಕಾಂಡ್ಲಾದಲ್ಲಿ ಏಷ್ಯಾದ ಮೊದಲ ರಫ್ತು ಸಂಸ್ಕರಣಾ ವಲಯ ಆರಂಭವಾಯಿತು. 2000ದಲ್ಲಿ ವಿಶೇಷ ಆರ್ಥಿಕ ವಲಯಗಳ ನೀತಿ ಪ್ರಕಟವಾಯಿತು. 2005ರ ಕಾಯ್ದೆ 2006ರ ಫೆಬ್ರವರಿಯಲ್ಲಿ ಜಾರಿಗೆ ಬಂದಿತು.

ಕೆಲಸ ಮಾಡುವ ರೀತಿ

ಸುಂಕದ ಮಟ್ಟಿಗೆ ಇಂತಹ ವಲಯವನ್ನು ದೇಶದ ಹೊರಗಿನ ಪ್ರದೇಶವೆಂದು ಭಾವಿಸಲಾಗುತ್ತದೆ. ಒಳಗಿನ ಕಾರ್ಖಾನೆಗಳು ಯಂತ್ರ, ಕಚ್ಚಾ ಸಾಮಗ್ರಿಗಳನ್ನು ಸುಂಕವಿಲ್ಲದೆ ತರಿಸಬಹುದು. ತಯಾರಾದ ಮಾಲನ್ನು ದೇಶದೊಳಗೆ ಮಾರಿದರೆ ಆಮದು ಮಾಲಿನಂತೆ ಸುಂಕ ಕಟ್ಟಬೇಕು. ಐದು ವರ್ಷಗಳ ಲೆಕ್ಕದಲ್ಲಿ ಪ್ರತಿಯೊಂದು ಘಟಕವೂ ಖರ್ಚಿಗಿಂತ ಹೆಚ್ಚು ವಿದೇಶಿ ವಿನಿಮಯ ಗಳಿಸಬೇಕು. ವಲಯದ ಉಸ್ತುವಾರಿ ಅಭಿವೃದ್ಧಿ ಆಯುಕ್ತರದು.

ನಾಲ್ಕು ಬಗೆಗಳು

1. ಉತ್ಪಾದನಾ ವಲಯ: 2019ರ ತಿದ್ದುಪಡಿಯಂತೆ ಇದಕ್ಕೆ ಸಾಮಾನ್ಯವಾಗಿ ಕನಿಷ್ಠ 50 ಹೆಕ್ಟೇರು, ಅಂದರೆ ಸುಮಾರು 125 ಎಕರೆ, ಒಂದೇ ಕಡೆ ಹೊಂದಿಕೊಂಡಿರಬೇಕು. ಮಾಹಿತಿ ತಂತ್ರಜ್ಞಾನದಂತಹ ವಲಯಗಳಿಗೆ ಈ ನಿಯಮವಿಲ್ಲ. ಮಂಗಳೂರು ಮತ್ತು ಹಾಸನದ ವಲಯಗಳು ನಮ್ಮ ರಾಜ್ಯದ ಉದಾಹರಣೆಗಳು.

2. ಮುಕ್ತ ವ್ಯಾಪಾರ ಮತ್ತು ಉಗ್ರಾಣ ವಲಯ: ಇಲ್ಲಿ ಮುಖ್ಯ ಕೆಲಸ ದಾಸ್ತಾನು, ಪ್ಯಾಕಿಂಗ್ ಮತ್ತು ಮರುಸಾಗಣೆ.

3. ರಫ್ತು ಆಧಾರಿತ ಘಟಕ: ಇದಕ್ಕೆ ಪ್ರತ್ಯೇಕ ವಲಯ ಬೇಕಿಲ್ಲ. ಬೆಳೆಯುವ ಪ್ರದೇಶದ ಸಮೀಪವೇ ಒಂಟಿ ಕಾರ್ಖಾನೆಯಾಗಿ ನಿಲ್ಲಬಹುದು.

4. ಕೃಷಿ ರಫ್ತು ವಲಯ: 2001ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ಬೇಲಿಯೂ ಇರಲಿಲ್ಲ, ಭೂಸ್ವಾಧೀನವೂ ಇರಲಿಲ್ಲ. ಒಂದು ಬೆಳೆಯ ಜಿಲ್ಲೆಗಳನ್ನು ಗುರುತಿಸಿ ರಫ್ತಿಗೆ ನೆರವು ಒದಗಿಸಲಾಗುತ್ತಿತ್ತು. ಕರ್ನಾಟಕದಲ್ಲಿ ಮಿಡಿಸೌತೆ, ಗುಲಾಬಿ ಈರುಳ್ಳಿ, ಹೂವು ಮತ್ತು ವೆನಿಲ್ಲಾ ವಲಯಗಳಿದ್ದವು. ದೇಶದ ಇಂತಹ 60 ವಲಯಗಳೂ ಅವಧಿ ಮುಗಿದು ನಿಂತುಹೋಗಿವೆ. ಈಗ ಯಾರಾದರೂ ಈ ಹೆಸರು ಹೇಳಿ ಸಹಾಯಧನದ ಆಸೆ ತೋರಿಸಿದರೆ ನಂಬಬೇಡಿ.

ಬೆಳೆ ಕೇಳಿದಾಗ

ಮಿಡಿಸೌತೆಯನ್ನು ಇಂದಿಗೂ ಹೆಚ್ಚಾಗಿ ಕಂಪನಿಗಳೊಡನೆ ಒಪ್ಪಂದ ಮಾಡಿಕೊಂಡೇ ಬೆಳೆಯಲಾಗುತ್ತದೆ. ಕಿಲೋಗೆ ಎಷ್ಟು ಕಾಯಿ ತೂಗುತ್ತದೆಂಬುದರ ಮೇಲೆ ದರ್ಜೆ ನಿಗದಿಯಾಗುತ್ತದೆ. ಕಾಯಿ ಚಿಕ್ಕದಾದಷ್ಟೂ ದರ ಹೆಚ್ಚು. ಕೊಯ್ಲು ಒಂದು ದಿನ ತಡವಾದರೂ ದರ್ಜೆ ಇಳಿಯುತ್ತದೆ. ಆದ್ದರಿಂದ ಪ್ರತಿ ದರ್ಜೆಯ ದರ, ತಿರಸ್ಕೃತ ಮಾಲಿನ ಹೊಣೆ, ಬೀಜ ಗೊಬ್ಬರದ ಕಡಿತ, ಹಣ ಪಾವತಿಯ ದಿನ ಇವೆಲ್ಲವನ್ನೂ ಬಿತ್ತನೆಗೆ ಮುನ್ನವೇ ಬರವಣಿಗೆಯಲ್ಲಿ ಪಡೆಯಿರಿ. ಕೂಲಿಯಾಳು ಸಾಲದಿದ್ದರೆ ವಿಸ್ತೀರ್ಣ ಕಡಿಮೆ ಮಾಡುವುದು ಲೇಸು.

ಭೂಮಿ ಕೇಳಿದಾಗ

ನೋಟೀಸು ಬಂದರೆ ಅದು ಯಾವ ಕಾಯ್ದೆಯದೆಂದು ಮೊದಲು ನೋಡಿ. 2013ರ ಕೇಂದ್ರ ಭೂಸ್ವಾಧೀನ ಕಾಯ್ದೆಯಲ್ಲಿ ಖಾಸಗಿ ಕಂಪನಿಗಾಗಿ ಭೂಮಿ ಪಡೆಯಲು ಬಾಧಿತ ಕುಟುಂಬಗಳ ಪೈಕಿ ಶೇ. 80ರಷ್ಟರ ಒಪ್ಪಿಗೆ ಬೇಕು. 1966ರ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆಯಲ್ಲಿ ಅಂತಹ ನಿಯಮವಿಲ್ಲ. ಅದರ 28ನೇ ಪ್ರಕರಣದ ನೋಟೀಸು ಕೈಸೇರಿದ 30 ದಿನಗಳೊಳಗೆ ನಿಮ್ಮ ಆಕ್ಷೇಪಣೆ ಸಲ್ಲಿಸಬೇಕು. ಕಾಗದವನ್ನು ಗೂಡಿನಲ್ಲಿಟ್ಟು ಮರೆತರೆ ಈ ಅವಕಾಶ ತಪ್ಪಿಹೋಗುತ್ತದೆ.

ಪಹಣಿಯಲ್ಲಿ ಹೆಸರು, ವಿಸ್ತೀರ್ಣ, ಬೆಳೆ, ನೀರಾವರಿ ಸರಿಯಾಗಿ ದಾಖಲಾಗಿವೆಯೇ ಎಂದು ಇಂದೇ ಪರೀಕ್ಷಿಸಿರಿ. ತಂದೆ, ತಾತನ ಹೆಸರಿನಲ್ಲೇ ಖಾತೆಯಿದ್ದರೆ ಬದಲಾಯಿಸಿಕೊಳ್ಳಿ. ಬಾವಿ, ತೆಂಗು, ಮಾವುಗಳ ಲೆಕ್ಕವನ್ನು ಬರೆದಿಡಿ. ಪರಿಹಾರದ ಲೆಕ್ಕ ನಡೆಯುವಾಗ ಕೈಹಿಡಿಯುವುದು ದಾಖಲೆಯೇ.

ಒಂದು ಅಂಗುಲ ಮೇಲ್ಮಣ್ಣು ಉಂಟಾಗಲು ನೂರಾರು ವರ್ಷಗಳು ಬೇಕು. ಕಾಂಕ್ರೀಟು ಬಿದ್ದ ನೆಲ ಮತ್ತೆ ಹೊಲವಾಗುವುದು ಕಷ್ಟ. ಆದ್ದರಿಂದ ಮನೆಮಂದಿಯೊಡನೆ ಕುಳಿತು, ಬರುವ ಹಣದ ಜೊತೆಗೆ ಮುಂದಿನ ಜೀವನೋಪಾಯವನ್ನೂ ಲೆಕ್ಕಹಾಕಿ, ನಂತರವೇ ಸಹಿ ಮಾಡಿರಿ.