ಎಂಬಿಬಿಎಸ್ ನಂತರದ ಮೂರು ವರ್ಷ: ಆಸ್ಪತ್ರೆಯ ಮಕ್ಕಳ ವೈದ್ಯರು ತಯಾರಾಗುವ ಬಗೆ

 

ಸಂದರ್ಶನಕ್ಕೆ ಬರುವ ತಂದೆ-ತಾಯಂದಿರು ನಮ್ಮನ್ನು ಕೇಳುವುದುಂಟು: "ಮಗಳು ಎಂಬಿಬಿಎಸ್ ಮುಗಿಸಿ ಡಾಕ್ಟರ್ ಆದಳು. ಇನ್ನೂ ಮೂರು ವರ್ಷ ಓದುವುದು ಏಕೆ?" ದಾನಿಗಳ ಪ್ರಶ್ನೆ ಇನ್ನೊಂದು: "ಸ್ಟೈಪೆಂಡ್ ಪಡೆಯುವ ವೈದ್ಯರಿಗೆ ಟ್ರಸ್ಟಿನ ನೆರವು ಏಕೆ ಬೇಕು?" ಎರಡೂ ನ್ಯಾಯವಾದ ಪ್ರಶ್ನೆಗಳೇ. ಮಕ್ಕಳ ವೈದ್ಯಕೀಯವನ್ನೇ ಉದಾಹರಣೆಯಾಗಿ ತೆಗೆದುಕೊಂಡು ಇಲ್ಲಿ ಉತ್ತರಿಸುತ್ತೇವೆ.

ದಾರಿ ಎಷ್ಟು ಉದ್ದ?

ಎಂಬಿಬಿಎಸ್ ನಾಲ್ಕೂವರೆ ವರ್ಷದ ಓದು. ಅದರ ಮೇಲೆ ಒಂದು ವರ್ಷದ ಕಡ್ಡಾಯ ಇಂಟರ್ನ್‌ಶಿಪ್. ಆ ಬಳಿಕ ನೀಟ್-ಪಿಜಿ ಪರೀಕ್ಷೆ ಬರೆದು, ಸೀಟು ಸಿಕ್ಕರೆ ಮಕ್ಕಳ ವಿಭಾಗದಲ್ಲಿ ಎಂ.ಡಿ. ಅಥವಾ ಡಿ.ಎನ್.ಬಿ. ಮಾಡಬಹುದು. ಎರಡಕ್ಕೂ ಮೂರು ವರ್ಷ. ಈ ಅವಧಿಯ ವೈದ್ಯರನ್ನು ರೆಸಿಡೆಂಟ್ ಎನ್ನುತ್ತಾರೆ. ಹೆಸರೇ ಹೇಳುವಂತೆ, ಅವರ ವಾಸ ಹೆಚ್ಚುಕಡಿಮೆ ಆಸ್ಪತ್ರೆಯಲ್ಲೇ. ಪ್ರಬಂಧ ಬರೆಯಬೇಕು, ಕೊನೆಗೆ ಪರೀಕ್ಷೆಯೂ ಇದೆ. ಆದರೆ ಕಲಿಕೆಯ ಬಹುಪಾಲು ನಡೆಯುವುದು ರೋಗಿಯ ಹಾಸಿಗೆಯ ಪಕ್ಕದಲ್ಲಿ.

ಬಿ.ಇಡ್. ಓದಿದವರಿಗೆ ಪಾಠಾಭ್ಯಾಸ ನೆನಪಿರುತ್ತದೆ. ನಾವು ಪಾಠ ಮಾಡುತ್ತಿದ್ದರೆ ಮಾರ್ಗದರ್ಶಕರು ಕೊನೆಯ ಬೆಂಚಿನಲ್ಲಿ ಕುಳಿತು ನೋಡುತ್ತಿದ್ದರು. ರೆಸಿಡೆನ್ಸಿಯೂ ಅಂಥದ್ದೇ. ಮೊದಲ ವರ್ಷದವರು ಹಿರಿಯರ ಕಣ್ಣೆದುರಿನಲ್ಲಿ ಕೆಲಸ ಮಾಡುತ್ತಾರೆ. ಮೂರನೇ ವರ್ಷಕ್ಕೆ ಬರುವಷ್ಟರಲ್ಲಿ ಅವರೇ ಕಿರಿಯರಿಗೆ ಕಲಿಸುತ್ತಾರೆ.

ಅಲ್ಲಿ ಕಲಿಯುವುದೇನು?

ಮಗು ಎಂದರೆ ದೊಡ್ಡವರ ಚಿಕ್ಕ ರೂಪವಲ್ಲ. ನಿಮಿಷಕ್ಕೆ ನಲವತ್ತೈದು ಬಾರಿ ಉಸಿರಾಡುವ ಮಗು ಆರು ತಿಂಗಳದ್ದಾದರೆ ಗಾಬರಿಯಿಲ್ಲ. ಮೂರು ವರ್ಷದ್ದಾದರೆ ನ್ಯುಮೋನಿಯಾ ಇರಬಹುದೇ ಎಂದು ನೋಡಬೇಕು. ಎರಡು ತಿಂಗಳೊಳಗಿನ ಶಿಶುವಿಗೆ 60, ಎರಡು ತಿಂಗಳಿಂದ ಒಂದು ವರ್ಷದೊಳಗೆ 50, ಒಂದರಿಂದ ಐದು ವರ್ಷದವರೆಗೆ 40, ಅಷ್ಟು ಅಥವಾ ಅದಕ್ಕಿಂತ ಹೆಚ್ಚಾದರೆ ವೇಗದ ಉಸಿರು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಔಷಧಿಯನ್ನೂ ಡ್ರಿಪ್ಪನ್ನೂ ತೂಕ ನೋಡಿಯೇ ಕೊಡಬೇಕು. ದಶಮಾಂಶ ಚುಕ್ಕೆ ಒಂದು ಸ್ಥಾನ ಸರಿದರೆ ಹತ್ತು ಪಟ್ಟು ಔಷಧಿ ಮಗುವಿನ ಮೈ ಸೇರುತ್ತದೆ. ಗಣಿತದ ತರಗತಿಯಲ್ಲಿ ಈ ತಪ್ಪಿಗೆ ಒಂದು ಅಂಕ ಹೋಗುತ್ತದೆ. ವಾರ್ಡಿನಲ್ಲಿ ಜೀವವೇ ಹೋಗಬಹುದು.

ಹೆರಿಗೆ ಕೋಣೆಯ ಕೆಲಸ ಇನ್ನೂ ಸೂಕ್ಷ್ಮ. ಹತ್ತು ಶಿಶುಗಳಲ್ಲಿ ಸುಮಾರು ಒಂದಕ್ಕೆ ಉಸಿರಾಟ ಆರಂಭಿಸಲು ಯಾರಾದರೂ ನೆರವಾಗಬೇಕಾಗುತ್ತದೆ. ಆ ನೆರವು ಹುಟ್ಟಿದ ಮೊದಲ ನಿಮಿಷದಲ್ಲೇ ಸಿಗಬೇಕು. ಒರೆಸಿ ಬೆಚ್ಚಗಿಡುವುದು, ಬೇಕಾದರೆ ಬ್ಯಾಗು-ಮಾಸ್ಕಿನಿಂದ ಗಾಳಿ ಕೊಡುವುದು, ಇದನ್ನೆಲ್ಲ ಗೊಂಬೆಯ ಮೇಲೆ ಮತ್ತೆ ಮತ್ತೆ ಅಭ್ಯಾಸ ಮಾಡಿದ ಕೈ ಮಾತ್ರ ಆ ನಿಮಿಷದಲ್ಲಿ ನಡುಗದು.

ಇವುಗಳ ಜೊತೆಗೆ ನವಜಾತ ಶಿಶು ಘಟಕ, ಮಕ್ಕಳ ತೀವ್ರ ನಿಗಾ ಘಟಕ, ತುರ್ತು ವಿಭಾಗಗಳಲ್ಲಿ ಸರದಿಯ ಮೇಲೆ ಕೆಲಸವಿರುತ್ತದೆ. ಪಾಳಿ ಬದಲಾಗುವಾಗ ಪ್ರತಿ ಮಗುವಿನ ಸ್ಥಿತಿಯನ್ನು ಮುಂದಿನವರಿಗೆ ಬಿಡದೆ ಒಪ್ಪಿಸುವುದೂ ಒಂದು ವಿದ್ಯೆ. ತಾಯಿಗೆ ಅವಳ ಭಾಷೆಯಲ್ಲಿ ಕೆಟ್ಟ ಸುದ್ದಿ ಹೇಳುವುದು ಇನ್ನೊಂದು. ಕನ್ನಡ, ಉರ್ದು, ಬ್ಯಾರಿ, ತುಳು ಮನೆಮಾತಿನ ನಮ್ಮ ಮಕ್ಕಳು ಇಲ್ಲಿ ತಾಯಂದಿರಿಗೆ ದೊಡ್ಡ ಆಸರೆಯಾಗಬಲ್ಲರು.

ಸ್ನಾತಕೋತ್ತರ ವಿದ್ಯಾರ್ಥಿಗಳು ಮೂರು ತಿಂಗಳು ಜಿಲ್ಲಾ ಆಸ್ಪತ್ರೆ ವ್ಯವಸ್ಥೆಯಲ್ಲಿ ಕೆಲಸ ಮಾಡಬೇಕೆಂಬ ನಿಯಮವೂ ಇದೆ. ನಮ್ಮ ಊರಿನ ಹೆರಿಗೆಗಳು ಹೆಚ್ಚಾಗಿ ಆಗುವುದು ಅಂಥ ಕಡೆಯಲ್ಲೇ. ಆದ್ದರಿಂದ ಇದನ್ನು ಹೊರೆಯೆಂದು ಯಾರೂ ಭಾವಿಸಬಾರದು.

ಮುಂದೇನು?

ಕ್ಲಿನಿಕ್ ತೆರೆಯುವುದೊಂದೇ ದಾರಿಯಲ್ಲ. ಸಂಜೆ ಕ್ಲಿನಿಕ್ಕಿಗೆ ಬಾಗಿಲು ಹಾಕಬಹುದು, ಶಿಶು ಘಟಕಕ್ಕೆ ಹಾಕಲಾಗದು. ಜಿಲ್ಲಾ ಆಸ್ಪತ್ರೆಗಳ ವಿಶೇಷ ನವಜಾತ ಶಿಶು ಆರೈಕೆ ಘಟಕಗಳು, ವೈದ್ಯಕೀಯ ಕಾಲೇಜುಗಳು, ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಂಥ ಆಸ್ಪತ್ರೆಗಳು, ಎಲ್ಲ ಕಡೆಯೂ ರಾತ್ರಿ ಎರಡು ಗಂಟೆಗೆ ಎದ್ದು ನಿಲ್ಲುವ ತಜ್ಞರು ಬೇಕು. ಇನ್ನೂ ಕಲಿಯುವ ಆಸೆಯಿದ್ದರೆ ನವಜಾತ ಶಿಶು ವಿಭಾಗದಲ್ಲಿ ಮೂರು ವರ್ಷದ ಡಿ.ಎಂ. ಇದೆ. ಅಮೆರಿಕದಲ್ಲಿ ಒಳರೋಗಿ ಮಕ್ಕಳನ್ನಷ್ಟೇ ನೋಡಿಕೊಳ್ಳುವ ವೈದ್ಯಕೀಯಕ್ಕೆ 2016ರಲ್ಲಿ ಪ್ರತ್ಯೇಕ ಉಪಶಾಖೆಯ ಮಾನ್ಯತೆಯೇ ಸಿಕ್ಕಿತು.

ಪೋಷಕರು ಕೇಳಬೇಕಾದ್ದು

ಸೀಟು ಆರಿಸುವಾಗ ಮನೆಗೆ ಹತ್ತಿರವೇ, ಕಾಲೇಜಿಗೆ ಹೆಸರಿದೆಯೇ ಎಂದಷ್ಟೇ ನೋಡಬೇಡಿ. ಮಕ್ಕಳ ವಿಭಾಗದಲ್ಲಿ ಹಾಸಿಗೆಗಳೆಷ್ಟು? ತಿಂಗಳಿಗೆ ಹೆರಿಗೆಗಳೆಷ್ಟು? ಶಿಶು ಘಟಕದಲ್ಲಿ ವೆಂಟಿಲೇಟರ್ ಇದೆಯೇ? ರಾತ್ರಿ ಕರೆದರೆ ಹಿರಿಯ ವೈದ್ಯರು ಬರುತ್ತಾರೆಯೇ? ವಾರದ ರಜೆ ನಿಜವಾಗಿ ಸಿಗುತ್ತದೆಯೇ? ಹೆಣ್ಣುಮಕ್ಕಳಿಗೆ ಒಳಗಿನಿಂದ ಚಿಲಕ ಹಾಕಬಹುದಾದ ವಿಶ್ರಾಂತಿ ಕೋಣೆ ಇದೆಯೇ? ಈಗ ಅಲ್ಲೇ ಓದುತ್ತಿರುವ ರೆಸಿಡೆಂಟರನ್ನು ಕೇಳಿದರೆ ಸರಿಯಾದ ಉತ್ತರ ಸಿಗುತ್ತದೆ.

ಇನ್ನೊಂದು ವಿನಂತಿ. ಮೂವತ್ತು ಗಂಟೆ ಡ್ಯೂಟಿ ಮಾಡಿ ಬಂದ ಮಗಳನ್ನು ಮದುವೆ ಮಾತಿಗೆ ಕೂರಿಸುವ ಮೊದಲು ಮಲಗಲು ಬಿಡಿ. ಮದುವೆ ಮಾಡಬೇಡಿ ಎಂದು ನಾವು ಹೇಳುತ್ತಿಲ್ಲ. ಸಂಬಂಧ ನೋಡುವಾಗಲೇ ಈ ಮೂರು ವರ್ಷದ ಓದಿನ ಬಗ್ಗೆ ಗಂಡಿನ ಕಡೆಯವರಿಗೆ ಸ್ಪಷ್ಟವಾಗಿ ತಿಳಿಸಿ. ಅರ್ಧದಲ್ಲಿ ಬಿಟ್ಟ ಸೀಟು ಅವಳಿಗೂ ಇಲ್ಲ, ಇನ್ನೊಬ್ಬರಿಗೂ ಇಲ್ಲ.

ದಾನಿಗಳಿಗೆ

ಸರ್ಕಾರಿ ಕಾಲೇಜಿನ ಸ್ಟೈಪೆಂಡಿನಿಂದ ಒಬ್ಬರ ಖರ್ಚು ಸಾಗುತ್ತದೆ, ಅದನ್ನು ನಾವು ಮುಚ್ಚಿಡುವುದಿಲ್ಲ. ಕಷ್ಟ ಬರುವುದು ಬೇರೆಡೆ: ಸಂಪಾದನೆಯಿಲ್ಲದೆ ನೀಟ್-ಪಿಜಿಗೆ ಓದುವ ತಿಂಗಳುಗಳಲ್ಲಿ, ಪ್ರವೇಶದ ದಿನ ಒಟ್ಟಿಗೆ ಕಟ್ಟಬೇಕಾದ ಹಣದಲ್ಲಿ, ಮೊದಲ ಸ್ಟೈಪೆಂಡ್ ಕೈಸೇರುವವರೆಗಿನ ಅವಧಿಯಲ್ಲಿ. ನಮ್ಮ ನೆರವು ಈ ಮೂರಕ್ಕೆ. ಝಕಾತ್ ನಿಧಿಯನ್ನು ಅದಕ್ಕೆ ಅರ್ಹರಾದವರಿಗೆ ಮಾತ್ರ ಕೊಡುತ್ತೇವೆ. ಉಳಿದವರಿಗೆ ಸದಕಾ ನಿಧಿಯಿಂದ ಬಡ್ಡಿಯಿಲ್ಲದ ಕರ್ಝೆ ಹಸನಾ. ಅವರು ಮರಳಿಸಿದ ಹಣ ಮುಂದಿನ ವಿದ್ಯಾರ್ಥಿಗೆ ಹೋಗುತ್ತದೆ.

ಅರ್ಜಿಯೊಂದಿಗೆ ಎಂಬಿಬಿಎಸ್ ಅಂಕಪಟ್ಟಿ, ಇಂಟರ್ನ್‌ಶಿಪ್ ಪ್ರಮಾಣಪತ್ರ, ನೀಟ್-ಪಿಜಿ ಫಲಿತಾಂಶ, ಸೀಟು ಹಂಚಿಕೆ ಪತ್ರ, ಆದಾಯ ಪ್ರಮಾಣಪತ್ರ ಲಗತ್ತಿಸಬೇಕು. ಪರೀಕ್ಷೆಗೆ ಓದುತ್ತಿರುವವರು ಮೊದಲೆರಡು ದಾಖಲೆ ಮತ್ತು ಆದಾಯ ಪ್ರಮಾಣಪತ್ರ ಕೊಟ್ಟರೆ ಸಾಕು. ನಮೂನೆ ಟ್ರಸ್ಟಿನ ಕಚೇರಿಯಲ್ಲಿ ಉಚಿತವಾಗಿ ಸಿಗುತ್ತದೆ.

ಒಬ್ಬ ವೈದ್ಯೆ ಕಲಿತ ವಿದ್ಯೆಯಿಂದ ಮಕ್ಕಳು ಉಳಿಯುವಷ್ಟು ಕಾಲವೂ ಅದು ದಾನಿಯ ಪಾಲಿಗೆ ಸದಕಾ ಜಾರಿಯಾ ಆಗಿರುತ್ತದೆಂಬುದು ನಮ್ಮ ನಂಬಿಕೆ. ಅಲ್ಲಾಹನು ನಿಮ್ಮ ದಾನವನ್ನೂ ಈ ಮಕ್ಕಳ ಶ್ರಮವನ್ನೂ ಸ್ವೀಕರಿಸಲಿ. ಆಮೀನ್.